ಜೀವಕೋಶದ ಗುಮಾಸ್ತರು

ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟನ್ನು ನಾವೆಲ್ಲ ಬಲ್ಲೆವು. ಒಂದೇ ಜೀವಕೋಶದ ಈ ಶಿಲೀಂಧ್ರ ಹುರುಪಿನಿಂದ ಬೆಳೆಯುವಾಗ ನಿಮಿಷಕ್ಕೆ ಸುಮಾರು 2,000 ರೈಬೋಸೋಮುಗಳನ್ನು ಕಟ್ಟುತ್ತದೆಯೆಂದರೆ ವಾಚಕರು ಬೆರಗಾಗಬಹುದು. ರೈಬೋಸೋಮೆಂದರೆ ಪ್ರೋಟೀನುಗಳನ್ನು ತಯಾರಿಸುವ ಯಂತ್ರ. ಅದರ ತಿರುಳು ಆರ್.ಎನ್.ಎ. ಎಂಬ ಉದ್ದನೆಯ ಎಳೆ.

ಈ ಎಳೆ ಹುಟ್ಟಿದ ಹಾಗೆಯೇ ಕೆಲಸಕ್ಕೆ ಬಾರದು. ಅದನ್ನು ಕತ್ತರಿಸಬೇಕು, ಸುಮಾರು ನೂರು ಕಡೆಗಳಲ್ಲಿ ಅದರ ಅಕ್ಷರಗಳನ್ನು ತಿದ್ದಬೇಕು. ಸಾವಿರಾರು ಅಕ್ಷರಗಳ ನಡುವೆ ತಿದ್ದಬೇಕಾದದ್ದು ಯಾವುದೆಂದು ತೋರಿಸಿಕೊಡುವವೇ ಕಿರು ನ್ಯೂಕ್ಲಿಯೋಲಾರ್ ಆರ್.ಎನ್.ಎ.ಗಳು. ಯೀಸ್ಟಿನಲ್ಲಿ ಇಂಥವು ಸುಮಾರು 75 ಇವೆ.

ದಪ್ಪನೆಯ ಕಡತವನ್ನು ಸಾಹೇಬರ ಮುಂದಿಡುವಾಗ, ರುಜು ಬೀಳಬೇಕಾದ ಪುಟಕ್ಕೆ ನಾವು ಗುಮಾಸ್ತರು ಚೀಟಿ ಸಿಕ್ಕಿಸುವುದುಂಟು. ಇಲ್ಲಿಯೂ ಹಾಗೆಯೇ. ರುಜು ಹಾಕುವುದು ಪ್ರೋಟೀನು. ಚೀಟಿ ಈ ಕಿರು ಆರ್.ಎನ್.ಎ.

ಇವುಗಳಲ್ಲಿ ಎರಡು ಮನೆತನಗಳು. ಮೊದಲನೆಯದಕ್ಕೆ 'ಸಿ' ಮತ್ತು 'ಡಿ' ಎಂಬ ಗುರುತುಗಳಿವೆ. 'ಡಿ' ಗುರುತಿನ ಹಿಂದಿನ ಅಕ್ಷರಗಳು ರೈಬೋಸೋಮಿನ ಎಳೆಯೊಡನೆ ಜೋಡಿಯಾಗುತ್ತವೆ. ಗುರುತಿನಿಂದ ಹಿಂದಕ್ಕೆ ಎಣಿಸಿದರೆ ಐದನೆಯ ಅಕ್ಷರಕ್ಕೆ ಎದುರಾಗಿ ನಿಂತದ್ದೇ ತಿದ್ದಬೇಕಾದ ಅಕ್ಷರ. ನಾಪ್-1 ಎಂಬ ಪ್ರೋಟೀನು ಅದಕ್ಕೆ ಮಿಥೈಲ್ ಗುಂಪನ್ನು ಅಂಟಿಸುತ್ತದೆ. ಈ ಲೆಕ್ಕ ಬಯಲಾದದ್ದು 1996ರಲ್ಲಿ.

ಎರಡನೆಯ ಮನೆತನದ್ದು ಎರಡು ಹೇರ್‌ಪಿನ್ನುಗಳಂತೆ ಮಡಿಚಿಕೊಂಡಿರುತ್ತದೆ. ಬಾಲದ ತುದಿಗೆ ಮೂರು ಅಕ್ಷರ ಮುಂಚೆ 'ಎಸಿಎ' ಎಂಬ ಗುರುತು. ಮಡಿಕೆಯ ಜೇಬಿನಲ್ಲಿ ಯುರಿಡಿನ್ ಎಂಬ ಅಕ್ಷರ ಬಂದು ಕುಳಿತರೆ, ಸಿಬಿಎಫ್-5 ಎಂಬ ಪ್ರೋಟೀನು ಅದನ್ನು ಸೂಡೊಯುರಿಡಿನ್ ಆಗಿ ಮಾರ್ಪಡಿಸುತ್ತದೆ.

ಈ ಚೀಟಿಗಳಲ್ಲಿ ಯಾವುದಾದರೊಂದನ್ನು ಕಿತ್ತುಹಾಕಿದರೆ ಸಾಮಾನ್ಯವಾಗಿ ಯೀಸ್ಟು ಸಾಯದು. 'ಯು-3'ರ ಮಾತು ಬೇರೆ. ಸಿ-ಡಿ ಮನೆತನದ್ದಾದರೂ ಅದರ ಕೆಲಸ ತಿದ್ದುವುದಲ್ಲ, ಎಳೆಯನ್ನು ಕತ್ತರಿಸಲು ನೆರವಾಗುವುದು. ಅದಿಲ್ಲದಿದ್ದರೆ ರೈಬೋಸೋಮಿನ ಚಿಕ್ಕ ಭಾಗಕ್ಕೆ ಬೇಕಾದ ತುಂಡು ಸಿದ್ಧವಾಗದೆ ಯೀಸ್ಟು ಉಳಿಯುವುದಿಲ್ಲ.

ಯೀಸ್ಟಿನ ಸುದ್ದಿ ನಮಗೇಕೆ ಎಂದು ಕೇಳಬಹುದು. ಸಿಬಿಎಫ್-5ರ ದಾಯಾದಿ ನಮ್ಮ ಮೈಯಲ್ಲಿಯೂ ಇದೆ. ಅದರ ಹೆಸರು ಡಿಸ್ಕೆರಿನ್. ಅದರ ಜೀನಿನಲ್ಲಿ ದೋಷವಿದ್ದರೆ ಉಗುರು, ಚರ್ಮ ಕೆಟ್ಟು, ಮೂಳೆಯ ಮಜ್ಜೆ ಸೊರಗುವ ಕ್ರೂರ ರೋಗ ಬರುತ್ತದೆಂದು 1998ರಲ್ಲಿ ತಿಳಿಯಿತು. ವರ್ಣತಂತುಗಳ ತುದಿ ಸವೆಯದಂತೆ ಕಾಯುವ ಟೆಲೊಮರೇಸಿನ ಆರ್.ಎನ್.ಎ.ಗೂ ಮನುಷ್ಯರಲ್ಲಿ ಇದೇ ಮಡಿಕೆ, ಇದೇ ಎಸಿಎ ಬಾಲ. ಡಿಸ್ಕೆರಿನ್ ಅದನ್ನೂ ಹಿಡಿದು ಕಾಪಾಡುತ್ತದೆ. ಆ ಹಿಡಿತ ಸಡಿಲಿದರೆ ತುದಿಗಳು ಬೇಗ ಸವೆಯುತ್ತವೆ. ರೋಗದ ಮುಖ್ಯ ಕಾರಣ ಇದೇ.

ಮುಂದೆ ಬ್ರೆಡ್ಡಿನ ಚೂರನ್ನು ಮಕ್ಕಳ ಕೈಗಿಡುವಾಗ ವಾಚಕರು ಈ ಕಿರಿಯ ಗುಮಾಸ್ತರ ಕಥೆಯನ್ನೂ ಹೇಳಲಿ.