ಹಳೆಯ ಬಕೆಟ್ ಲಾರಿಯನ್ನು ಕೊಳ್ಳುವುದೂ ಅಪಾಯವಿಲ್ಲದೆ ನಡೆಸುವುದೂ

ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ನೆರಳುಮರಗಳಿಗೆ ಮರಗಸಿ ಮಾಡುವುದಕ್ಕೂ ಕರಿಮೆಣಸು ಕೊಯ್ಯುವುದಕ್ಕೂ ಅಲ್ಯೂಮಿನಿಯಮ್ ಏಣಿಗಳನ್ನು ಉಪಯೋಗಿಸುವ ವಾಡಿಕೆಯುಂಟು. ಏಣಿಯನ್ನು ನಿಲ್ಲಿಸಿಕೊಂಡೇ ಸಾಗಿಸುವಾಗ ಅದರ ತುದಿಯು ವಿದ್ಯುತ್ ತಂತಿಗೆ ತಗುಲಿ ಆಳುಗಳು ಪ್ರಾಣ ಕಳೆದುಕೊಂಡ ಸಂಗತಿಗಳು ಪದೇ ಪದೇ ನಡೆದಿವೆ. ಬಳಸಿ ಮಾರಿದ ಬಕೆಟ್ ಲಾರಿಯೊಂದನ್ನು ಕೊಂಡರೆ ಈ ಭಯವು ತಪ್ಪುವುದೆಂದು ತೋಟದ ಯಜಮಾನನಿಗೆ ತೋರುವುದು ಸಹಜ. ಏಣಿಯಿಂದ ಬೀಳುವ ಭಯವನ್ನು ಲಾರಿಯು ಬಹುಮಟ್ಟಿಗೆ ಕಡಿಮೆ ಮಾಡುವುದೇನೋ ನಿಜ. ತಂತಿಯ ಭಯವನ್ನು ಅದು ತಾನಾಗಿ ನೀಗಿಸಲಾರದು.

ಈ ಯಂತ್ರದ ಮೂಲವು ಹಣ್ಣಿನ ತೋಟದಲ್ಲಿಯೇ ಇದೆ. ಕ್ಯಾಲಿಫೋರ್ನಿಯದ ಜೇ ಐಟೆಲ್ ಎಂಬವರು ಏಣಿಯ ಮೇಲೆ ನಿಂತು ಚೆರಿ ಹಣ್ಣು ಕೊಯ್ದು ಬೇಸತ್ತು ೧೯೪೪ರಲ್ಲಿ ಇದನ್ನು ಕಲ್ಪಿಸಿದರೆಂದು ಹೇಳುತ್ತಾರೆ. ಲಾರಿಯ ಮೇಲೆ ತಿರುಗುವ ಪೀಠ, ಎಣ್ಣೆಯ ಒತ್ತಡದಿಂದ ಏಳುವ ತೋಳು, ತೋಳಿನ ತುದಿಯಲ್ಲಿ ಆಳು ನಿಲ್ಲುವ ತೊಟ್ಟಿ, ನೆಲಕ್ಕೆ ಊರುವ ಉಕ್ಕಿನ ಕಾಲುಗಳು, ಇವೇ ಇದರ ಮುಖ್ಯ ಅಂಗಗಳು. ಕಡಿದಾದ ಇಳಿಜಾರಿನ ತೋಟದೊಳಕ್ಕೆ ಇದು ಹೋಗಲಾರದು; ರಸ್ತೆಯ ಬದಿಯ ಮತ್ತು ಕಣದ ಸುತ್ತಿನ ಮರಗಳಿಗೆ ತಕ್ಕುದು.

ಕೊಳ್ಳುವವನು ಮೊದಲು ಕೇಳಬೇಕಾದುದು ತೋಳು ವಿದ್ಯುನ್ನಿರೋಧಕವೋ ಅಲ್ಲವೋ ಎಂಬುದು. ಬೀದಿದೀಪಗಳ ಕೆಲಸಕ್ಕಾಗಿ ಮಾಡಿದ ಅನೇಕ ಲಾರಿಗಳ ತೋಳು ಪೂರ್ತಿ ಉಕ್ಕಿನದು. ತಂತಿಯ ವಿಷಯದಲ್ಲಿ ಅಂತಹುದು ಅಲ್ಯೂಮಿನಿಯಮ್ ಏಣಿಗಿಂತ ಲೇಶವೂ ಮೇಲಲ್ಲ. ಫೈಬರ್‌ಗ್ಲಾಸಿನ ಭಾಗವುಳ್ಳ ತೋಳಾದರೂ ಧೂಳು, ತೇವ, ಗೀರುಗಳಿಂದ ತನ್ನ ನಿರೋಧಕ ಗುಣವನ್ನು ಕಳೆದುಕೊಳ್ಳುತ್ತದೆ. ಇದು ಕಣ್ಣಿಗೆ ಕಾಣುವುದಲ್ಲ. ಹೆಚ್ಚಿನ ವೋಲ್ಟೇಜಿನ ಪರೀಕ್ಷೆಯಿಂದಲೇ ತಿಳಿಯಬೇಕು. ಪರೀಕ್ಷೆಯ ಇತ್ತೀಚಿನ ದಾಖಲೆಯಿಲ್ಲದ ತೋಳನ್ನು ಉಕ್ಕಿನದೆಂದೇ ಭಾವಿಸತಕ್ಕದ್ದು. ವಾಹನದ ಎಫ್.ಸಿ. ಪತ್ರವು ಈ ಪರೀಕ್ಷೆಯ ಬದಲಿಗೆ ಬರುವುದಿಲ್ಲ.

ಹೊಸದಾಗಿ ಬಣ್ಣ ಬಳಿದ ಹಳೆಯ ತೋಳನ್ನು ಕಂಡರೆ ಸ್ವಲ್ಪ ಸಂಶಯಪಡುವುದೇ ವಿವೇಕ. ಬೆಸುಗೆಯ ಬಳಿ ತುಕ್ಕಿನ ಸಣ್ಣ ಗೆರೆಯಿದ್ದರೆ ಒಳಗೆ ಬಿರುಕಿರಬಹುದು. ಬರಿಯ ತೊಟ್ಟಿಯನ್ನು ಎತ್ತಿ ಎಂಜಿನ್ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ನೋಡುವುದು. ತೋಳು ತಾನಾಗಿ ಇಳಿದರೆ ಕವಾಟವೋ ಸಿಲಿಂಡರಿನ ಸೀಲೋ ಕೆಟ್ಟಿದೆಯೆಂದು ತಿಳಿಯಬೇಕು. ಎಣ್ಣೆಯ ಸೋರಿಕೆಯನ್ನು ಕೈಯಿಂದ ಸವರಿ ಹುಡುಕಕೂಡದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆಯು ಚರ್ಮವನ್ನು ಭೇದಿಸಿ ಒಳಸೇರುತ್ತದೆ. ರಟ್ಟಿನ ತುಂಡನ್ನು ಹಿಡಿದು ನೋಡಬೇಕು.

ಕೆಲಸದ ಸ್ಥಳದಲ್ಲಿ ಮೊದಲು ಆಕಾಶವನ್ನು ನೋಡಬೇಕು, ಆಮೇಲೆ ನೆಲವನ್ನು. ಅಮೆರಿಕದ ನಿಯಮದಂತೆ ವಿದ್ಯುತ್ ಕೆಲಸದಲ್ಲಿ ತರಬೇತಿಯಿಲ್ಲದವರು ೫೦,೦೦೦ ವೋಲ್ಟಿನವರೆಗಿನ ತಂತಿಗೆ ೧೦ ಅಡಿಗಿಂತ ಹತ್ತಿರ ಹೋಗಕೂಡದು. ನಮ್ಮ ಹಳ್ಳಿಗಳ ೧೧,೦೦೦ ವೋಲ್ಟಿನ ತಂತಿಗೂ ಇಷ್ಟು ಅಂತರವನ್ನು ಬಿಡುವುದು ಕ್ಷೇಮ. ಕಡಿದ ಕೊಂಬೆಯು ಹೇಗೆ ಬೀಳುವುದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಂತರ ಸಾಲದಿದ್ದರೆ ವಿದ್ಯುತ್ ಸರಬರಾಜು ಕಂಪನಿಯವರಿಂದ ಲೈನ್ ಕ್ಲಿಯರ್ ಪಡೆಯದೆ ಗರಗಸವನ್ನು ಎತ್ತಕೂಡದು.

ಊರುಗಾಲುಗಳ ಕೆಳಗೆ ಅಗಲವಾದ ಮರದ ಹಲಗೆಗಳನ್ನಿಡಬೇಕು. ಚರಂಡಿಯ ಅಂಚೂ ಹೊಸದಾಗಿ ಮುಚ್ಚಿದ ಗುಂಡಿಯೂ ಭಾರವನ್ನು ತಾಳವು. ಚಕ್ರಗಳಿಗೆ ಅಡ್ಡಗಟ್ಟೆ ಕೊಡಬೇಕು. ತೊಟ್ಟಿಯಲ್ಲಿರುವವನು ಮೈಪಟ್ಟಿ ಧರಿಸಿ ಅದರ ಹಗ್ಗವನ್ನು ತೋಳಿಗೆ ಕಟ್ಟಬೇಕು. ಮರಕ್ಕೆ ಕಟ್ಟಿದರೆ ತೋಳು ಚಲಿಸಿದಾಗ ಅವನನ್ನೇ ಹೊರಗೆಳೆಯುತ್ತದೆ. ತೊಟ್ಟಿಯ ಅಂಚನ್ನು ಹತ್ತಿ ಕೆಲಸ ಮಾಡುವುದು ನಿಷಿದ್ಧ.

ತೋಳು ತಂತಿಗೆ ತಗುಲಿದರೆ ಮೇಲಿನವನಿಗಿಂತ ಮೊದಲು ಸಾಯುವವನು ಕೆಳಗೆ ಲಾರಿಯನ್ನು ಮುಟ್ಟಿ ನಿಂತವನಿರಬಹುದು. ಆದಕಾರಣ ಕೆಲಸ ನಡೆಯುವಾಗ ಯಾರೂ ಲಾರಿಗೆ ಒರಗಿ ನಿಲ್ಲಕೂಡದು. ಚಾಲಕನು ಒಳಗಿದ್ದರೆ ತಂತಿಯು ಸತ್ತಿತೆಂದು ತಿಳಿಯುವವರೆಗೆ ಒಳಗೇ ಇರಬೇಕು. ಬೆಂಕಿ ಹತ್ತಿದರೆ ಮಾತ್ರ ಎರಡು ಕಾಲುಗಳನ್ನೂ ಜೋಡಿಸಿ ನೆಗೆದು, ಪಾದಗಳನ್ನು ಅಗಲಿಸದೆ ಜಾರಿಸಿಕೊಂಡು ದೂರ ಹೋಗಬೇಕು.

ಎಂಜಿನ್ ಕೆಟ್ಟಾಗ ತೊಟ್ಟಿಯನ್ನು ಇಳಿಸಲು ಬೇರೊಂದು ಏರ್ಪಾಡು ಇರುತ್ತದೆ. ಹಳೆಯ ಲಾರಿಯಲ್ಲಿ ಅದು ಕೆಲಸ ಮಾಡುವುದೋ ಇಲ್ಲವೋ ಎಂಬುದನ್ನು ಕೊಳ್ಳುವ ದಿನವೇ ನೋಡಿ, ನೆಲದ ಮೇಲೆ ನಿಲ್ಲುವ ಆಳಿಗೆ ಅದನ್ನು ಕೈಯಾರೆ ಮಾಡಿಸಿ ಕಲಿಸತಕ್ಕದ್ದು.