ಹಲಗೆ ಜಗಲಿಗೆ ಎಲ್‌ಇಡಿ ದೀಪ

ಪ್ರಶ್ನೆ: ಚಳ್ಳಕೆರೆಯ ನಮ್ಮ ಮನೆಯ ಕೈತೋಟದಲ್ಲಿ ಮರದ ಹಲಗೆಯ ಜಗಲಿ ಹಾಕಿಸಿದ್ದೇವೆ. ಅದರೊಳಗೆ ಎಲ್‌ಇಡಿ ದೀಪ ಕೂರಿಸಲು ಮನೆಯ ಕರೆಂಟನ್ನೇ ಎಳೆಯಬಹುದೇ? ನಮ್ಮ ಕಡೆ ಮಳೆಯೇ ಕಡಿಮೆಯಲ್ಲವೇ?

ಉತ್ತರ: ದಯವಿಟ್ಟು ಬೇಡ. ಬರಿಗಾಲಲ್ಲಿ ಮಕ್ಕಳು ಓಡಾಡುವ, ಗಿಡಕ್ಕೆ ಹಾಯಿಸಿದ ನೀರು ಹರಿದು ಬರುವ ಜಾಗದ ಕೆಳಗೆ 230 ವೋಲ್ಟ್ ಇರಬಾರದು. ಮನೆಯ ಕರೆಂಟನ್ನು ದೀಪಕ್ಕೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸುವ ಡ್ರೈವರನ್ನು ಮನೆಯೊಳಗೆ ಅಥವಾ ನೆರಳಿನ ಗೋಡೆಗೆ ಕೂರಿಸಿ, ಜಗಲಿಗೆ 12 ವೋಲ್ಟ್ ಡಿ.ಸಿ. ಮಾತ್ರ ಕೊಡಿ. ಚಳ್ಳಕೆರೆ, ಮೊಳಕಾಲ್ಮೂರಿನ ಬಿಸಿಲಿಗೆ ಸಿಕ್ಕ ಡ್ರೈವರ್ ಬೇಗ ಕೆಡುತ್ತದೆ. ದೀಪ ನೀರು, ದೂಳು ಒಳಹೋಗದ ಐಪಿ67 ದರ್ಜೆಯದಿರಲಿ.

ಕಡಿಮೆ ವೋಲ್ಟೇಜಿಗೆ ಸಣ್ಣ ವೈರ್ ಸಾಕೆಂದುಕೊಳ್ಳುವವರು ಬಹಳ. 24 ವ್ಯಾಟ್ ದೀಪಗಳು 12 ವೋಲ್ಟಿನಲ್ಲಿ 2 ಆಂಪಿಯರ್ ಎಳೆಯುತ್ತವೆ. 1.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ 20 ಮೀಟರ್ ದೂರಕ್ಕೆ ಸುಮಾರು 1 ವೋಲ್ಟ್ ನಷ್ಟ. ಕೊನೆಯ ದೀಪ ಮಂಕಾಗುವುದು ಇದರಿಂದಲೇ. ದೂರವಿದ್ದರೆ 2.5ರ ವೈರ್ ಹಾಕಿಸಿ.

ಇಲಿ, ಹೆಗ್ಗಣ ಕಡಿಯದಂತೆ ವೈರು ಪೈಪಿನೊಳಗಿರಲಿ. ಬರೀ ಟೇಪು ಸುತ್ತಿದ ಜಾಯಿಂಟೇ ಮೊದಲು ಕೈಕೊಡುವುದು. ನೀರಿಳಿಯದ ಜಂಕ್ಷನ್ ಬಾಕ್ಸ್ ಬಳಸಿ.

ಮಳೆ ಕಡಿಮೆ ಎಂಬ ನಿಮ್ಮ ಸಮಾಧಾನ ಅರ್ತಿಂಗ್ ವಿಷಯದಲ್ಲಿ ತಿರುಗಿಬೀಳುತ್ತದೆ. ಒಣಮಣ್ಣು ಕರೆಂಟನ್ನು ಸರಿಯಾಗಿ ಭೂಮಿಗೆ ಇಳಿಯಗೊಡುವುದಿಲ್ಲ. ಮನೆಯ ಅರ್ತ್ ಗುಂಡಿಯಲ್ಲಿ ಇದ್ದಿಲು, ಉಪ್ಪು ಇದೆಯೇ ನೋಡಿಸಿ, ಬೇಸಿಗೆಯಲ್ಲಿ ನೀರು ಹಾಕಿ. ಡ್ರೈವರಿಗೆ ಹೋಗುವ ಲೈನಿಗೆ, ಕರೆಂಟ್ ಸೋರಿದ ಕೂಡಲೇ ಅದನ್ನು ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲೇಬೇಕು. ಆ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಆಗಲಿ.