ಸತೀರ್ಥರ ಸಮಾಗಮ

ಒಂದು ವಿದ್ಯಾಶಾಲೆಯಲ್ಲಿ ಏಕಕಾಲಕ್ಕೆ ಓದಿದವರು ಬಹುವರ್ಷಗಳ ತರುವಾಯ ಅದೇ ಶಾಲೆಯ ಅಂಗಳದಲ್ಲಿ ಮತ್ತೆ ಕೂಡಿ, ತಮಗೆ ಅಕ್ಷರ ಕಲಿಸಿದ ಗುರುಗಳನ್ನು ಬರಮಾಡಿಕೊಂಡು ಸತ್ಕರಿಸುವ ಪದ್ಧತಿ ಈಚಿನ ದಶಕಗಳಲ್ಲಿ ಕನ್ನಡ ನಾಡಿನಾದ್ಯಂತ ಬೆಳೆದುಬಂದಿದೆ. ಇದನ್ನು ಕೆಲವರು ಗುರುವಂದನೆ ಎನ್ನುತ್ತಾರೆ, ಕೆಲವರು ಸ್ನೇಹ ಸಮ್ಮೇಳನ ಎನ್ನುತ್ತಾರೆ, ಮತ್ತೆ ಕೆಲವರು ಹಳೆಯ ವಿದ್ಯಾರ್ಥಿಗಳ ಕೂಟವೆಂದು ಕರೆಯುತ್ತಾರೆ. ಹೆಸರು ಯಾವುದಾದರೂ ಆಗಲಿ, ಇಂಥ ಸಮಾಗಮದ ಸ್ವರೂಪವೇನು, ಅದು ಯಾವುದರಿಂದ ಸಾರ್ಥಕವಾಗುತ್ತದೆ, ಯಾವುದರಿಂದ ಬರಿಯ ಸಂಭ್ರಮವಾಗಿ ಕಳೆದುಹೋಗುತ್ತದೆ ಎಂಬುದನ್ನು ವಿಚಾರಿಸುವುದು ಉಚಿತವಾಗಿದೆ.

ಮೊದಲಿಗೆ ಶಬ್ದವಿಚಾರ. ಒಡನೆ ಓದಿದವನಿಗೆ ಸಂಸ್ಕೃತದಲ್ಲಿ ಎರಡು ಹೆಸರುಗಳಿವೆ. ಒಂದು 'ಸಹಪಾಠಿ', ಇನ್ನೊಂದು 'ಸತೀರ್ಥ' ಅಥವಾ 'ಸತೀರ್ಥ್ಯ'. ಮೇಲುನೋಟಕ್ಕೆ ಎರಡೂ ಒಂದೇ ಎಂದು ತೋರಿದರೂ ಅರ್ಥದಲ್ಲಿ ಸೂಕ್ಷ್ಮವಾದ ಭೇದವುಂಟು. ಪಾಠವನ್ನು ಜೊತೆಯಲ್ಲಿ ಓದಿದವನು ಸಹಪಾಠಿ. ಇಲ್ಲಿ ಸಂಬಂಧಕ್ಕೆ ಆಧಾರ ಪಾಠ. ತೀರ್ಥವೆಂಬ ಶಬ್ದಕ್ಕೆ ಹೊಳೆಯನ್ನು ಇಳಿದು ದಾಟುವ ಸ್ಥಾನವೆಂಬ ಅರ್ಥವಿರುವಂತೆ ಗುರುವೆಂಬ ಅರ್ಥವೂ ಇದೆ. ಆದುದರಿಂದಲೇ ಅಮರಕೋಶವು ಒಬ್ಬನೇ ಗುರುವುಳ್ಳವರು ಸತೀರ್ಥ್ಯರು ಎಂದು ಅರ್ಥ ಹೇಳಿತು. ಇಲ್ಲಿ ಸಂಬಂಧಕ್ಕೆ ಆಧಾರ ಗುರು. ಪಾಠ ಮುಗಿಯಬಹುದು, ನಡುವೆ ನಿಂತುಹೋಗಲೂಬಹುದು. ಒಮ್ಮೆ ಒಬ್ಬ ಗುರುವಿನ ಎದುರು ಕುಳಿತವರ ಸತೀರ್ಥತ್ವವು ಮಾತ್ರ ಅಳಿಯುವಂಥದಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾದವನೋ ಅಲ್ಲವೋ ಎಂಬ ಪ್ರಶ್ನೆಯನ್ನು ಈ ಶಬ್ದವು ಕೇಳುವುದೇ ಇಲ್ಲ. ಶಾಲಾ ಸಮಾಗಮದ ಮರ್ಮವು ಈ ಒಂದು ಮಾತಿನಲ್ಲಿ ಅಡಗಿದೆ ಎನ್ನಬಹುದು.

ಸತೀರ್ಥರ ಪುನರ್ಮಿಲನಕ್ಕೆ ನಮ್ಮ ಪುರಾಣೇತಿಹಾಸಗಳಲ್ಲಿ ಎರಡು ಪ್ರಸಿದ್ಧ ನಿದರ್ಶನಗಳಿವೆ. ದ್ರೋಣನೂ ದ್ರುಪದನೂ ಬಾಲ್ಯದಲ್ಲಿ ಒಂದೇ ಆಶ್ರಮದಲ್ಲಿ ಆಡಿ ಓದಿದವರು. ಮುಂದೆ ದ್ರುಪದನು ಪಾಂಚಾಲದ ದೊರೆಯಾದನು. ದ್ರೋಣನು ದರಿದ್ರನಾಗಿ, ಹಳೆಯ ಗೆಳೆತನವನ್ನು ನೆನೆದು ಅವನ ಬಾಗಿಲಿಗೆ ಹೋದನು. ಐಶ್ವರ್ಯದ ಮದದಲ್ಲಿದ್ದ ದ್ರುಪದನು ಆ ಪರಿಚಯವನ್ನೇ ನಿರಾಕರಿಸಿದನು. ಸುಮಾರು 941ರಲ್ಲಿ ರಚಿತವಾದ ಪಂಪನ 'ವಿಕ್ರಮಾರ್ಜುನ ವಿಜಯ'ದಲ್ಲಿ ಈ ಪ್ರಸಂಗವು ಅತ್ಯಂತ ತೀಕ್ಷ್ಣವಾಗಿ ಚಿತ್ರಿತವಾಗಿದೆ. ಆ ಒಂದು ಅವಮಾನವು ಎಲ್ಲಿಗೆ ಮುಟ್ಟಿತೆಂಬುದು ಸರ್ವವಿದಿತ. ಅರ್ಜುನನಿಂದ ದ್ರುಪದನು ಸೆರೆಯಾದನು, ಅರ್ಧರಾಜ್ಯವನ್ನು ಕಳೆದುಕೊಂಡನು. ದ್ರೋಣವಧೆಗಾಗಿ ಧೃಷ್ಟದ್ಯುಮ್ನನು ಯಜ್ಞಕುಂಡದಿಂದ ಉದಿಸಿದನು. ಇದಕ್ಕೆ ಪ್ರತಿಯಾದದ್ದು ಭಾಗವತದ ದಶಮಸ್ಕಂಧದಲ್ಲಿ ಬರುವ ಕುಚೇಲನ ಕಥೆ. ಸಾಂದೀಪನಿಯ ಗುರುಕುಲದಲ್ಲಿ ಒಡನೋದಿದ ಬಡ ಬ್ರಾಹ್ಮಣನು ಹರಕು ಬಟ್ಟೆಯಲ್ಲಿ ಹಿಡಿ ಅವಲಕ್ಕಿ ಕಟ್ಟಿಕೊಂಡು ದ್ವಾರಕೆಗೆ ಬಂದಾಗ ಶ್ರೀಕೃಷ್ಣನು ಪೀಠದಿಂದಿಳಿದು ಬಂದು ಅಪ್ಪಿಕೊಂಡನು, ಕಾಲು ತೊಳೆದನು, ಗುರುಕುಲದಲ್ಲಿ ಸೌದೆಗೆಂದು ಹೋಗಿ ಮಳೆಗೆ ಸಿಕ್ಕಿದ ದಿನವನ್ನು ತಾನಾಗಿಯೇ ನೆನಪಿಗೆ ತಂದನು.

ಈ ಎರಡು ಕಥೆಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಎರಡರಲ್ಲಿಯೂ ಒಬ್ಬನು ಸಿರಿವಂತ, ಒಬ್ಬನು ಬಡವ. ಎರಡರಲ್ಲಿಯೂ ಬಡವನೇ ನಡೆದು ಬಂದವನು. ಸಮಾಗಮವು ಕೆಟ್ಟದ್ದಾಗಲಿ ಸಾರ್ಥಕವಾದದ್ದಾಗಲಿ ಬಂದವನ ನಡತೆಯಿಂದಲ್ಲ, ಬರಮಾಡಿಕೊಂಡವನ ನಡತೆಯಿಂದ.

ಇನ್ನು ಈಗಿನ ಸಮಾಗಮದ ವಿಚಾರಕ್ಕೆ ಬರೋಣ. ನಾಲ್ಕಾರು ಮಂದಿ ಗೆಳೆಯರು ಎಲ್ಲಿಯೋ ಸೇರಿದಾಗ ಮಾತು ಹುಟ್ಟುತ್ತದೆ; ವಾಟ್ಸ್ಯಾಪ್ ಬಳಗವೊಂದು ಏರ್ಪಡುತ್ತದೆ; ಹೆಸರುಗಳು ಒಂದೊಂದಾಗಿ ಕೂಡುತ್ತವೆ. ಭಾನುವಾರವನ್ನೋ ರಜಾದಿನವನ್ನೋ ಗೊತ್ತುಮಾಡಿ, ಗುರುಗಳನ್ನು ಸಾರೋಟಿನಲ್ಲಿಯೋ ಅಲಂಕರಿಸಿದ ವಾಹನದಲ್ಲಿಯೋ ಕುಳ್ಳಿರಿಸಿ ಪೂರ್ಣಕುಂಭ ವಾದ್ಯಗಳೊಡನೆ ಕರೆತರುತ್ತಾರೆ. ಇಹಲೋಕವನ್ನು ತ್ಯಜಿಸಿದ ಗುರುಗಳಿಗೂ ಗೆಳೆಯರಿಗೂ ಮೌನದ ಶ್ರದ್ಧಾಂಜಲಿ ಸಲ್ಲುತ್ತದೆ. ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆಗಳಿಂದ ಸನ್ಮಾನವಾಗುತ್ತದೆ. ಅನಿಸಿಕೆಗಳು, ಸಹಭೋಜನ, ಛಾಯಾಚಿತ್ರ, ಕಡೆಗೆ ಶಾಲೆಗೆ ಒಂದು ಕೊಡುಗೆ. ಕೆಲವೆಡೆ ಹಳೆಯ ಗಂಟೆಯನ್ನು ಬಾರಿಸಿ, ಹಳೆಯ ಕೋಣೆಯಲ್ಲಿಯೇ ಕುಳಿತು, ವೃದ್ಧ ಗುರುಗಳಿಂದ ಮತ್ತೊಮ್ಮೆ ಹಾಜರಿ ಕೂಗಿಸಿಕೊಳ್ಳುವುದೂ ಉಂಟು.

ಇದೆಲ್ಲವೂ ಯಾವ ಕಾಲದಲ್ಲಿ ನಡೆಯಬೇಕು ಎಂಬುದು ವಿಚಾರಾರ್ಹ. ಹದಿನಾರನೆಯ ವಯಸ್ಸಿಗೆ ಹತ್ತನೆಯ ತರಗತಿಯನ್ನು ಮುಗಿಸಿದವರಿಗೆ ಇಪ್ಪತ್ತೈದು ವರ್ಷಗಳ ತರುವಾಯ ನಲವತ್ತೊಂದು ನಡೆಯುತ್ತಿರುತ್ತದೆ. ಅಂದು 30ರಿಂದ 50ರ ನಡುವೆ ಇದ್ದ ಗುರುಗಳು ಆಗ 55ರಿಂದ 75ರ ನಡುವೆ ಇರುತ್ತಾರೆ; ಹಲವರು ನಿವೃತ್ತರಾಗಿರುತ್ತಾರೆ, ಬಹುಮಂದಿ ನಡೆದು ಬರಬಲ್ಲವರಾಗಿರುತ್ತಾರೆ. ಸುವರ್ಣ ಮಹೋತ್ಸವಕ್ಕೆಂದು ಐವತ್ತು ವರ್ಷ ಕಾದರೆ ಅದೇ ಗುರುಗಳಿಗೆ 80ರಿಂದ 100 ಆಗಿರುತ್ತದೆ. ಇಷ್ಟು ಸರಳವಾದ ಲೆಕ್ಕವನ್ನು ಮರೆತು, ಕೆಲಸದ ಒತ್ತಡ ಕಳೆಯಲಿ, ಮಕ್ಕಳ ಮದುವೆ ಮುಗಿಯಲಿ ಎಂದು ಮುಂದೂಡುತ್ತ ಹೋದವರು ಕಡೆಗೆ ಗುರುಗಳ ಭಾವಚಿತ್ರಕ್ಕೆ ಹಾರ ಹಾಕಬೇಕಾಗುತ್ತದೆ.

ಕನ್ನಡ ನಾಡಿನ ವಿದ್ಯಾಚರಿತ್ರೆಯಲ್ಲಿ ಇದರ ಎರಡು ಮುಖಗಳೂ ಕಾಣಸಿಗುತ್ತವೆ. 1918ರಿಂದ ಮೈಸೂರಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ ಸರ್ವೇಪಲ್ಲಿ ರಾಧಾಕೃಷ್ಣನ್ ಅವರು 1921ರಲ್ಲಿ ಕಲ್ಕತ್ತೆಗೆ ಹೊರಟಾಗ ಅವರ ಶಿಷ್ಯರು ಸಾರೋಟಿನ ಕುದುರೆಗಳನ್ನು ಬಿಚ್ಚಿ, ತಾವೇ ಅದನ್ನು ರೈಲು ನಿಲ್ದಾಣದವರೆಗೆ ಎಳೆದೊಯ್ದರು. ಆ ವಂದನೆಯು ಗುರುವಿನ ಕಣ್ಣೆದುರಿನಲ್ಲಿಯೇ, ತಕ್ಕ ಸಮಯದಲ್ಲಿಯೇ ಸಂದಿತು. ಇನ್ನೊಂದು ಮುಖ ಬೇರೆ. ಕುವೆಂಪು ಅವರು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ತಮ್ಮ ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದರು. ಕಾವ್ಯವು ಬೆಳಕು ಕಂಡದ್ದು 1949ರಲ್ಲಿ. ಗುರುಗಳು ತೀರಿಕೊಂಡದ್ದು 1939ರಲ್ಲಿ. ಮಹಾಕಾವ್ಯಕ್ಕೆ ಕಾಲ ಬೇಕು. ಅಲ್ಲಿ ವಿಳಂಬವು ಅನಿವಾರ್ಯ. ಆದರೆ ಒಂದು ಭಾನುವಾರವನ್ನು ಗೊತ್ತುಮಾಡುವುದಕ್ಕೆ ಅಷ್ಟು ಕಾಲ ಬೇಕಾಗಿಲ್ಲ.

ಗುರುವಿನ ಋಣವೆಂದರೆ ಪಾಠ ಹೇಳಿದ ಋಣ ಮಾತ್ರವೆಂದು ತಿಳಿಯುವುದು ಸರಿಯಲ್ಲ. ಹಳ್ಳಿಯ ಶಾಲೆಗಳಲ್ಲಿ ಓದಿದ ಹಿಂದಿನ ತಲೆಮಾರಿನ ಅಸಂಖ್ಯ ಜನರ ಜನ್ಮದಿನ ಜೂನ್ ಒಂದು ಎಂದೇ ದಾಖಲಾಗಿರುವುದು ಎಲ್ಲರೂ ಬಲ್ಲ ಸಂಗತಿ. ಮಗು ಹುಟ್ಟಿದ್ದು ಯಾವಾಗ ಎಂದರೆ ತಂದೆತಾಯಿಗಳು ಬರ ಬಿದ್ದ ವರ್ಷವೆಂದೋ ಜಾತ್ರೆಯ ಮರುವಾರವೆಂದೋ ಹೇಳುತ್ತಿದ್ದರು. ಗುರುಗಳು ಮಗುವಿನ ಮುಖವನ್ನೂ ಎತ್ತರವನ್ನೂ ನೋಡಿ, ಶಾಲೆಯ ಪ್ರಾರಂಭದ ವೇಳೆಗೆ ಹೊಂದುವ ತಾರೀಖನ್ನು ಬರೆದುಕೊಳ್ಳುತ್ತಿದ್ದರು. ಇಂದಿಗೂ ಆ ತಲೆಮಾರಿನ ಎಷ್ಟೋ ನೌಕರರು ಮೇ 31ರಂದು ನಿವೃತ್ತರಾಗುವುದು ಈ ಕಾರಣದಿಂದಲೇ. ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನು ತಿದ್ದಿ ದಾಖಲೆಗೆ ಏರಿಸಿದವರೂ ಅನೇಕ ವೇಳೆ ಗುರುಗಳೇ. ಮಾಸ್ತರರೆಂದೂ ಅಕ್ಕೋರೆಂದೂ ಮೇಷ್ಟ್ರೆಂದೂ ಜನ ಕರೆದ ಈ ಮಹನೀಯರು ಹೆಸರನ್ನೂ ಹುಟ್ಟಿದ ದಿನವನ್ನೂ ಕೊಟ್ಟವರು. ಅಂಥವರಿಗೆ ಒಂದು ಶಾಲನ್ನು ಹೊದಿಸಿದ ಮಾತ್ರಕ್ಕೆ ಋಣವು ತೀರಿತೆಂದು ಭಾವಿಸಲಾಗದು.

ಮೇಲೆ ಹೇಳಿದ ಆ ದಾಖಲಾತಿ ಪುಸ್ತಕವೇ ಸಮಾಗಮದ ನಿಜವಾದ ಆಹ್ವಾನ ಪಟ್ಟಿಯೂ ಆಗಬೇಕು. ಇಂದಿನ ಸಮಾಗಮಗಳಲ್ಲಿ ಕಂಡುಬರುವ ಮುಖ್ಯ ನ್ಯೂನತೆ ಇಲ್ಲಿಯೇ ಇದೆ. ಅವು ಸಾಮಾನ್ಯವಾಗಿ ಇಂಥ ವರ್ಷದ ಎಸ್.ಎಸ್.ಎಲ್.ಸಿ. ತಂಡದವರು ಎಂಬ ಹೆಸರಿನಿಂದ ನಡೆಯುತ್ತವೆ. ಹಾಗೆಂದ ಕೂಡಲೇ ಹತ್ತನೆಯ ತರಗತಿಯನ್ನು ಮುಟ್ಟದವರು ತಮಗರಿವಿಲ್ಲದೆಯೇ ಹೊರಗಾಗುತ್ತಾರೆ. ಐದನೆಯ ತರಗತಿಯಲ್ಲಿ ತಂದೆಯನ್ನು ಕಳೆದುಕೊಂಡು ನೇಗಿಲು ಹಿಡಿದವನು, ಬರಗಾಲದಲ್ಲಿ ಮನೆಯವರೊಡನೆ ಗುಳೆ ಹೋದವನು, ಏಳನೆಯ ತರಗತಿ ಮುಗಿಯುವ ಮೊದಲೇ ಹಸೆಮಣೆ ಏರಿದವಳು, ಗಣಿತದಲ್ಲಿ ಅನುತ್ತೀರ್ಣನಾಗಿ ಮತ್ತೆ ಶಾಲೆಯತ್ತ ಮುಖ ಹಾಕದವನು, ಇವರೆಲ್ಲರೂ ಅದೇ ಹಲಗೆಯ ಎದುರು ಕುಳಿತವರು, ಅದೇ ಗುರುಗಳ ಬೆತ್ತಕ್ಕೂ ಬೆನ್ನುತಟ್ಟುವಿಕೆಗೂ ಪಾತ್ರರಾದವರು. ದಾಖಲಾತಿ ಪುಸ್ತಕದಲ್ಲಿ ಅವರ ಪ್ರವೇಶ ಸಂಖ್ಯೆ ಇದೆ, ತಂದೆಯ ಹೆಸರಿದೆ, ಊರಿದೆ. ಕಡೆಯ ಅಂಕಣದಲ್ಲಿ ಶಾಲೆ ಬಿಟ್ಟ ಕಾರಣವೂ ಒಂದೆರಡು ಶಬ್ದಗಳಲ್ಲಿ ಇದೆ. ಸತತ ಗೈರುಹಾಜರಿ ಎಂದು ಬರೆದ ಆ ಎರಡು ಶಬ್ದಗಳ ಹಿಂದೆ ಒಂದು ಸಂಸಾರದ ಕಷ್ಟವೇ ಅಡಗಿರುತ್ತದೆ. ಹಣಕೂಡಿಸುವ ಪಟ್ಟಿಯನ್ನು ಆಮೇಲೆ ಮಾಡಬಹುದು. ಮೊದಲು ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಈ ಪುಸ್ತಕದಿಂದ ಎಲ್ಲ ಹೆಸರುಗಳನ್ನು ಬರೆದುಕೊಳ್ಳುವುದು ಸಂಘಟಕರ ಪ್ರಥಮ ಕರ್ತವ್ಯ.

ಈ ಶೋಧನೆಯಲ್ಲಿ ಹೆಣ್ಣುಮಕ್ಕಳ ವಿಷಯವು ವಿಶೇಷ ಶ್ರಮವನ್ನು ಬೇಡುತ್ತದೆ. ದಾಖಲಾತಿಯಲ್ಲಿರುವುದು ತವರಿನ ಹೆಸರು. ಮದುವೆಯ ತರುವಾಯ ಅಡ್ಡಹೆಸರು ಬದಲಾಗುವುದಲ್ಲದೆ, ನಾಡಿನ ಹಲವು ಭಾಗಗಳಲ್ಲಿ ಗಂಡನ ಮನೆಯವರು ಹೊಸ ಹೆಸರನ್ನೇ ಇಡುವ ವಾಡಿಕೆಯೂ ಇದ್ದಿತು. ಆದ್ದರಿಂದ ಅವರನ್ನು ಅರಸುವವರು ತವರುಮನೆಯ ಊರಿಗೇ ಹೋಗಬೇಕು. ಅಣ್ಣತಮ್ಮಂದಿರನ್ನು ವಿಚಾರಿಸಿದರೆ ದಾರಿ ತಿಳಿಯುತ್ತದೆ. ಒಂದು ಪತ್ರಿಕೆಯನ್ನು ಅಂಚೆಗೆ ಹಾಕಿದರೆ ಸಾಲದು; ಒಡನೋದಿದ ಗೆಳತಿಯರಿಬ್ಬರು ಮನೆಗೆ ಹೋಗಿ ಅರಿಸಿನ ಕುಂಕುಮವಿಟ್ಟು ಕರೆದರೆ ಆ ಮನೆಯ ಹಿರಿಯರೂ ಸಂತೋಷದಿಂದ ಕಳುಹಿಸಿಕೊಡುತ್ತಾರೆ.

ಹುಡುಕುವುದು ಒಂದು ಕೆಲಸ. ಬಂದವರು ಕುಗ್ಗದಂತೆ ನೋಡಿಕೊಳ್ಳುವುದು ಇನ್ನೊಂದು. ಹೊಲಗೆಲಸ ಮಾಡುವವನೂ ಅಂಗಡಿಯ ಕೂಲಿಯವನೂ ಸಮಾಗಮಕ್ಕೆ ಬರಲು ಹಿಂಜರಿಯುವುದು ಅಭಿಮಾನವಿಲ್ಲದೆ ಅಲ್ಲ, ತನ್ನ ಪರಿಚಯವನ್ನು ಹೇಗೆ ಹೇಳಿಕೊಳ್ಳಲಿ ಎಂಬ ಸಂಕೋಚದಿಂದ. ಒಬ್ಬೊಬ್ಬರೂ ಎದ್ದು ನಿಂತು ತಮ್ಮ ಹುದ್ದೆಯನ್ನೂ ಮಕ್ಕಳು ನೆಲೆಸಿರುವ ಪರದೇಶವನ್ನೂ ಹೇಳುವ ಪದ್ಧತಿಯಿದ್ದಲ್ಲಿ ಅಂಥವನು ಊಟಕ್ಕೂ ನಿಲ್ಲದೆ ಹೊರಟುಹೋಗುತ್ತಾನೆ. ಅದಕ್ಕೆ ಬದಲಾಗಿ ಪ್ರತಿಯೊಬ್ಬರೂ ತಮ್ಮ ಹೆಸರು, ಊರು, ತಾವು ಕುಳಿತುಕೊಳ್ಳುತ್ತಿದ್ದ ಸ್ಥಳ, ಗುರುಗಳಿಂದ ಪಡೆದ ಒಂದು ನೆನಪು ಇಷ್ಟನ್ನು ಮಾತ್ರ ಹೇಳುವಂತೆ ಮಾಡಿದರೆ ಎಲ್ಲರಿಗೂ ಹೇಳಲು ಸಮನಾದ ಸಂಗತಿ ಇರುತ್ತದೆ. ವಂತಿಗೆಯ ಮೊತ್ತವನ್ನು ಸಭೆಯಲ್ಲಿ ಓದಿ ಹೇಳದಿರುವುದು ಲೇಸು. ದ್ರುಪದನ ಆಸ್ಥಾನವಾಗಬೇಕೋ ದ್ವಾರಕೆಯ ಅರಮನೆಯಾಗಬೇಕೋ ಎಂಬುದು ಇಂಥ ಸಣ್ಣ ಏರ್ಪಾಡುಗಳಿಂದಲೇ ನಿಶ್ಚಿತವಾಗುತ್ತದೆ.

ಮಠಮಾನ್ಯಗಳ ಆಶ್ರಯದ ಶಾಲೆಗಳಲ್ಲಿ ಓದಿದವರಿಗೆ ಈ ಸಮತೆಯು ಹೊಸ ಪಾಠವೇನೂ ಅಲ್ಲ. ಸಿದ್ಧಗಂಗೆ, ಸುತ್ತೂರು ಮೊದಲಾದ ಕ್ಷೇತ್ರಗಳ ಪ್ರಸಾದ ನಿಲಯಗಳಲ್ಲಿ ಜಾತಿಮತಗಳ ಎಣಿಕೆಯಿಲ್ಲದೆ ಸಾವಿರಾರು ಬಡಮಕ್ಕಳು ಉಂಡು ಓದಿದ್ದಾರೆ. ದಾಸೋಹದ ಪಂಕ್ತಿಯಲ್ಲಿ ಮೊದಲನೆಯ ದರ್ಜೆಯವನಿಗೆ ಬೇರೆ ಎಲೆಯೂ ಅನುತ್ತೀರ್ಣನಿಗೆ ಬೇರೆ ಎಲೆಯೂ ಇರಲಿಲ್ಲ. ಅಂಥ ಪಂಕ್ತಿಯಲ್ಲಿ ಉಂಡವರು ಸಮಾಗಮದಲ್ಲಿ ಅಡುಗೆ ಮಾಡಿ ಬಡಿಸಿದವರನ್ನೂ, ಗಂಟೆ ಬಾರಿಸಿದ ಜವಾನನನ್ನೂ, ಕರಕುಶಲವನ್ನೋ ವ್ಯಾಯಾಮವನ್ನೋ ಕಲಿಸಿದವರನ್ನೂ ಮರೆಯುವುದು ಶೋಭಿಸದು. ಹಸಿದ ಹೊಟ್ಟೆಗೆ ಪಾಠ ಹತ್ತುವುದಿಲ್ಲವಾದುದರಿಂದ ಅನ್ನವಿಟ್ಟವರಿಗೂ ವೇದಿಕೆಯ ಮೇಲೆ ಗುರುಗಳ ಸಾಲಿನಲ್ಲಿಯೇ ಆಸನವು ಸಲ್ಲಬೇಕು.

ಕೊಡುಗೆಯ ವಿಷಯದಲ್ಲಿಯೂ ಒಂದು ಮಾತು. ಬೀಸಣಿಗೆ, ಮೇಜು, ಧ್ವನಿವರ್ಧಕಗಳು ಉಪಯುಕ್ತ ವಸ್ತುಗಳೇ ಸರಿ. ಅವುಗಳ ಮೇಲೆ ಕೊಟ್ಟವರ ಹೆಸರನ್ನು ಬರೆಸುವುದೂ ವಾಡಿಕೆ. ಆದರೆ ವಸ್ತುವು ಕೆಲವು ವರ್ಷಗಳಲ್ಲಿ ಸವೆದುಹೋಗುತ್ತದೆ. ಅದೇ ಹಣವನ್ನು ಗುರುಗಳ ಹೆಸರಿನಲ್ಲಿ ದತ್ತಿನಿಧಿಯಾಗಿ ಇರಿಸಿ, ಅದರ ಬಡ್ಡಿಯಿಂದ ಶಾಲೆ ಬಿಡುವ ಅಂಚಿನಲ್ಲಿರುವ ಮಗುವಿಗೆ ಪ್ರತಿವರ್ಷ ನೆರವು ಸಲ್ಲುವಂತೆ ಮಾಡಿದರೆ ಮೂಲಧನವು ಉಳಿಯುತ್ತದೆ, ಗುರುವಿನ ಹೆಸರೂ ಉಳಿಯುತ್ತದೆ. ಪ್ರಥಮ ಸ್ಥಾನ ಪಡೆದವರಿಗೆ ಪಾರಿತೋಷಕಗಳು ಬೇಕಾದಷ್ಟಿವೆ. ದಾಖಲಾತಿ ಪುಸ್ತಕದ ಕಡೆಯ ಅಂಕಣದಲ್ಲಿ ಗೈರುಹಾಜರಿ ಎಂದು ಬರೆಯಬೇಕಾದ ಸಂದರ್ಭವೊಂದು ತಪ್ಪಿದರೆ ಅದು ದತ್ತಿಗೆ ತಕ್ಕ ಫಲ.

ಸಮಾಗಮದ ದಿನ ವೃದ್ಧ ಗುರುಗಳು ಹಾಜರಿ ಕೂಗುವಾಗ ಬಂದವರ ಹೆಸರುಗಳನ್ನಷ್ಟೇ ಅಲ್ಲ, ದಾಖಲಾತಿಯಲ್ಲಿರುವ ಎಲ್ಲ ಹೆಸರುಗಳನ್ನೂ ಕೂಗಲಿ. ಒಂದೊಂದು ಹೆಸರಿಗೆ ಉತ್ತರ ಬರುತ್ತದೆ, ಒಂದೊಂದಕ್ಕೆ ಬರುವುದಿಲ್ಲ. ಉತ್ತರ ಬಾರದಲ್ಲಿ ಪಕ್ಕದಲ್ಲಿ ಕುಳಿತಿದ್ದ ಗೆಳೆಯನು ಎದ್ದುನಿಂತು ಅವನ ಸಮಾಚಾರವನ್ನು ಹೇಳಲಿ: ಇಂಥ ಊರಿನಲ್ಲಿದ್ದಾನೆ, ಕಾಹಿಲೆಯಲ್ಲಿದ್ದಾನೆ, ತೀರಿಕೊಂಡಿದ್ದಾನೆ ಎಂದು. ಯಾರೂ ಏಳದಿದ್ದರೆ ಆ ಹೆಸರನ್ನು ಗುರುತು ಹಾಕಿಟ್ಟುಕೊಂಡು ಸಭೆ ಮುಗಿದ ಮರುದಿನವೇ ಅವನ ಊರಿಗೆ ಇಬ್ಬರು ಹೊರಡಲಿ. ತಾನು ಪಾಠ ಹೇಳಿದ ಮಕ್ಕಳಲ್ಲಿ ಒಬ್ಬನೂ ಲೆಕ್ಕ ತಪ್ಪಿಹೋಗಲಿಲ್ಲವೆಂದು ಗುರುವಿಗೆ ತಿಳಿಯುವುದಕ್ಕಿಂತ ಹೆಚ್ಚಿನ ವಂದನೆ ಬೇರೊಂದಿಲ್ಲ.